110ನೇ ಕೀರ್ತನೆಯ ಮೂಲಕ ಯೇಸುವಿನ ಪದವಿಗಳನ್ನು ಅರಿಯುವ ಬಗೆ: ಹಂತ ಹಂತದ ಸಮಗ್ರ ಮಾರ್ಗದರ್ಶಿ

ಏಳೇ ವಚನಗಳ ಹಾಡು ಇದು. ಆದರೂ ಹೊಸ ಒಡಂಬಡಿಕೆಯ ಲೇಖಕರು ಬೇರೆ ಯಾವ ಕೀರ್ತನೆಗಿಂತಲೂ ಹೆಚ್ಚು ಸಲ ಇದನ್ನೇ ಎತ್ತಿಕೊಂಡಿದ್ದಾರೆ. ಮತ್ತಾಯ, ಮಾರ್ಕ, ಲೂಕ, ಅಪೊಸ್ತಲರ ಕೃತ್ಯಗಳು ಮತ್ತು ಇಬ್ರಿಯರಿಗೆ ಬರೆದ ಪತ್ರಿಕೆ ಇದರ ಮೊದಲ ವಚನವನ್ನು ನೇರವಾಗಿ ಉದ್ಧರಿಸುತ್ತವೆ. ಕ್ರಿಸ್ತನು ದೇವರ ಬಲಗಡೆಯಲ್ಲಿದ್ದಾನೆ ಎಂದು ಪೌಲನೂ ಪೇತ್ರನೂ ಬರೆಯುವಾಗಲೆಲ್ಲ ಹಿಂದೆ ಕೇಳಿಸುವುದು ಇದೇ ಹಾಡಿನ ದನಿ.

ಯೇಸು ಅರಸ, ಯಾಜಕ, ನ್ಯಾಯಾಧಿಪತಿ ಎಂದು ಪಟ್ಟಿ ಬರೆಯಲು ಅರ್ಧ ನಿಮಿಷ ಸಾಕು. ಆದರೆ ಈ ಕೀರ್ತನೆ ಪಟ್ಟಿ ಕೊಡುವುದಿಲ್ಲ. ಇಸ್ರಾಯೇಲಿನಲ್ಲಿ ಬೇರೆ ಬೇರೆ ಕುಲಗಳಿಗೆ ಸೇರಿದ್ದ ಎರಡು ಪದವಿಗಳನ್ನು ಒಬ್ಬನೇ ವ್ಯಕ್ತಿಯ ಮೇಲೆ ಇಡುತ್ತದೆ. ಆ ಎರಡೂ ಸೇರುವ ಬೆಸುಗೆಯನ್ನು ಹುಡುಕಿ ನೋಡುವುದೇ ಈ ಅಧ್ಯಯನದ ಮುಖ್ಯ ಕೆಲಸ.

ಮೊದಲು ಸಿದ್ಧತೆ

ಎರಡು ಬೇರೆ ಬೇರೆ ಭಾಷಾಂತರಗಳ ಬೈಬಲ್, ಒಂದು ನೋಟ್‌ಪುಸ್ತಕ, ಎರಡು ಬಣ್ಣದ ಪೆನ್ನು ಇರಲಿ. ಒಂದೇ ಸಲಕ್ಕೆ ಮುಗಿಸಲು ಹೊರಡಬೇಡಿ. ಸುಮಾರು ಮುಕ್ಕಾಲು ಗಂಟೆಯಂತೆ ನಾಲ್ಕು ಸಲ ಕುಳಿತರೆ ಸರಿಯಾಗುತ್ತದೆ.

ಸಂಖ್ಯೆಯ ವಿಷಯದಲ್ಲಿ ಒಂದು ಎಚ್ಚರಿಕೆ. ಹೀಬ್ರೂ ಬೈಬಲಿನಲ್ಲಿ 110 ಆಗಿರುವ ಈ ಕೀರ್ತನೆ ಪ್ರಾಚೀನ ಗ್ರೀಕ್ ಮತ್ತು ಲ್ಯಾಟಿನ್ ಅನುವಾದಗಳಲ್ಲಿ 109. ಹಳೆಯ ವ್ಯಾಖ್ಯಾನಗಳನ್ನು ತೆರೆದಾಗ ಬೇರೆಯದೇ ಕೀರ್ತನೆ ಕಂಡರೆ ಗಾಬರಿಯಾಗಬೇಡಿ, ಒಂದು ಸಂಖ್ಯೆ ಹಿಂದೆ ನೋಡಿ.

ಹಂತ 1: ಹೊಸ ಒಡಂಬಡಿಕೆಯನ್ನು ಮುಚ್ಚಿಟ್ಟು ಓದಿ

ಏಳೂ ವಚನಗಳನ್ನು ಮೂರು ಸಲ ಗಟ್ಟಿಯಾಗಿ ಓದಿ. ಮೂರನೆಯ ಸಲ ಎರಡನೇ ಭಾಷಾಂತರವನ್ನು ಬಳಸಿ. ಓದುವಾಗ ಯೇಸುವಿನ ಹೆಸರನ್ನು ಇನ್ನೂ ತರಬೇಡಿ. ಇದು ಅಪನಂಬಿಕೆಯ ಮಾತಲ್ಲ. ಉತ್ತರ ಮೊದಲೇ ಗೊತ್ತಿದ್ದರೆ ಪ್ರಶ್ನೆ ಕಿವಿಗೆ ಬೀಳುವುದಿಲ್ಲ, ಅಷ್ಟೇ. ಹೆಚ್ಚಿನ ಓದುಗರು ಎಡವುವುದು ಇಲ್ಲೇ: ಮೊದಲ ವಚನ ಓದಿದ ಕೂಡಲೇ ‘ಇದು ಯೇಸುವಿನ ಬಗ್ಗೆ’ ಎಂದು ತೀರ್ಮಾನಿಸಿ, ಉಳಿದ ಆರು ವಚನಗಳನ್ನು ಓದಿದರೂ ಓದದಂತೆ ದಾಟಿಬಿಡುತ್ತಾರೆ.

ಹಂತ 2: ಯಾರು ಯಾರಿಗೆ ಮಾತಾಡುತ್ತಿದ್ದಾರೆ?

ನೋಟ್‌ಪುಸ್ತಕದಲ್ಲಿ ಮೂರು ಅಂಕಣ ಎಳೆಯಿರಿ: ಮಾತಾಡುವವರು, ಕೇಳುವವರು, ಹೇಳಿದ ಮಾತು. ಪ್ರತಿ ವಚನಕ್ಕೂ ಭರ್ತಿ ಮಾಡಿ.

1ನೇ ವಚನದಲ್ಲಿ ಮೂವರಿದ್ದಾರೆ. ಹಾಡುವ ದಾವೀದ, ಮಾತಾಡುವ ಯೆಹೋವ (ಕೆಲವು ಭಾಷಾಂತರಗಳಲ್ಲಿ ಸರ್ವೇಶ್ವರ ಅಥವಾ ಪ್ರಭು), ಮತ್ತು ದಾವೀದನು ‘ನನ್ನ ಒಡೆಯ’ ಎಂದು ಕರೆಯುವ ಇನ್ನೊಬ್ಬ. ಆ ಒಡೆಯನು ಇಡೀ ಕೀರ್ತನೆಯಲ್ಲಿ ಒಂದು ಮಾತನ್ನೂ ಆಡುವುದಿಲ್ಲ. ಎಲ್ಲವೂ ಅವನಿಗೆ ಹೇಳಿದ್ದು ಅಥವಾ ಅವನ ಬಗ್ಗೆ ಹೇಳಿದ್ದು.

ದೇವರ ನೇರ ನುಡಿಗಳನ್ನು ಒಂದು ಬಣ್ಣದಲ್ಲಿ ಗುರುತಿಸಿ. ಎರಡು ನುಡಿಗಳು ಸಿಗುತ್ತವೆ. ಮೊದಲನೆಯದು 1ನೇ ವಚನದಲ್ಲಿ: ನಿನ್ನ ವಿರೋಧಿಗಳನ್ನು ಪಾದಪೀಠ ಮಾಡುವ ತನಕ ನನ್ನ ಬಲಗಡೆಯಲ್ಲಿ ಕುಳಿತಿರು. ಎರಡನೆಯದು 4ನೇ ವಚನದಲ್ಲಿ: ಮೆಲ್ಕೀಚೆದೆಕನ (ಇವನು ಯಾರೆಂದು ಹಂತ 6ರಲ್ಲಿ ನೋಡೋಣ) ತರಹದಲ್ಲಿ ನೀನು ಸದಾಕಾಲವೂ ಯಾಜಕನು. ಮೊದಲನೆಯದು ಅಪ್ಪಣೆ, ಎರಡನೆಯದು ಆಣೆ. ಉಳಿದ ವಚನಗಳೆಲ್ಲ ಈ ಎರಡು ನುಡಿಗಳ ಸುತ್ತ ಹಬ್ಬಿದ ಬಳ್ಳಿ. ಕೀರ್ತನೆಯ ಎಲುಬುಗೂಡು ಕಾಣಿಸಿದ ಮೇಲೆ ಪದವಿಗಳನ್ನು ಹುಡುಕಬೇಕಾದ ಜಾಗವೂ ತಾನಾಗಿ ಗೊತ್ತಾಗುತ್ತದೆ.

5ನೇ ವಚನಕ್ಕೆ ಬಂದಾಗ ಜಾಗ ಬದಲಾಗುವುದನ್ನು ಗಮನಿಸಿ. ಮೊದಲ ವಚನದಲ್ಲಿ ಆ ಒಡೆಯನು, ಅಂದರೆ ಅರಸನು, ದೇವರ ಬಲಗಡೆ ಕುಳಿತಿದ್ದ. ಇಲ್ಲಿ ಕರ್ತನು ‘ನಿನ್ನ’ ಬಲಗಡೆಯಲ್ಲಿದ್ದಾನೆ. ಈ ‘ನಿನ್ನ’ ಯಾರೆಂಬುದರಲ್ಲಿ ವ್ಯಾಖ್ಯಾನಕಾರರು ಒಮ್ಮತಕ್ಕೆ ಬಂದಿಲ್ಲ. ಅರಸನಿಗೆ ಹೇಳಿದ ಮಾತೆಂದು ಓದಿದರೆ ಯುದ್ಧದಲ್ಲಿ ದೇವರು ಅವನ ಬಲಗೈ ಪಕ್ಕದಲ್ಲಿ ನಿಂತಂತೆ. ದೇವರಿಗೆ ಹೇಳಿದ್ದೆಂದು ಓದಿದರೆ ಆ ಕರ್ತನು ಮೊದಲ ವಚನದ ಒಡೆಯನೇ. ನಿಮ್ಮ ಅಂಕಣದಲ್ಲಿ ಎರಡನ್ನೂ ಬರೆದಿಡಿ. ಸಂದೇಹ ಇರುವಲ್ಲಿ ಪ್ರಶ್ನೆಯ ಚಿಹ್ನೆ ಹಾಕುವುದೂ ಅಧ್ಯಯನವೇ.

ಹಂತ 3: ಹಳೆಯ ಕಾಲದ ಸಿಂಹಾಸನವನ್ನು ಕಣ್ಣ ಮುಂದೆ ತಂದುಕೊಳ್ಳಿ

ಬಲಗಡೆ ಎಂದರೆ ಗೌರವದ ಮತ್ತು ಅಧಿಕಾರದ ಜಾಗ. ಸೊಲೊಮೋನನು ತಾಯಿ ಬತ್ಷೆಬೆಗೆ ತನ್ನ ಬಲಗಡೆಯಲ್ಲಿ ಆಸನ ಹಾಕಿಸಿದ್ದನ್ನು 1 ಅರಸುಗಳು 2:19ರಲ್ಲಿ ಓದಿ. ಪಾದಪೀಠದ ಚಿತ್ರಕ್ಕೆ ಯೆಹೋಶುವ 10:24 ನೋಡಿ. ಅಲ್ಲಿ ಇಸ್ರಾಯೇಲಿನ ಸೇನಾನಾಯಕರು ಸೋತ ಅರಸರ ಕುತ್ತಿಗೆಯ ಮೇಲೆ ಕಾಲಿಡುತ್ತಾರೆ. ಈಜಿಪ್ಟಿನಲ್ಲಿ 1922ರಲ್ಲಿ ಪತ್ತೆಯಾದ ಟುಟಾಂಖಾಮನ್ ಸಮಾಧಿಯಲ್ಲಿದ್ದ ಪಾದಪೀಠಗಳ ಮೇಲೆ ಕೈ ಕಟ್ಟಿಹಾಕಿದ ಶತ್ರುಗಳ ಚಿತ್ರಗಳೇ ಇದ್ದವು. ಅರಸನು ಸುಮ್ಮನೆ ಕುಳಿತರೂ ಅವನ ಕಾಲು ಅವರ ಮೇಲಿರುತ್ತಿತ್ತು. ದಾವೀದನ ಕಾಲದವರಿಗೆ ಈ ಮಾತು ಬರೀ ಅಲಂಕಾರವಾಗಿ ಕೇಳಿಸಿರಲಾರದು.

ಇದರ ಜೊತೆಗೆ 2 ಸಮುವೇಲ 7:12-16 ಓದಿ. ದಾವೀದನ ಸಂತತಿಯವನ ಸಿಂಹಾಸನ ಸದಾ ನಿಲ್ಲುತ್ತದೆ ಎಂಬ ಆ ವಾಗ್ದಾನದ ಮಣ್ಣಿನಲ್ಲೇ ಈ ಕೀರ್ತನೆ ಬೇರೂರಿದೆ. ಚೀಯೋನಿನಲ್ಲಿ (ಯೆರೂಸಲೇಮಿನಲ್ಲಿ) ಒಬ್ಬ ಅರಸನಿಗೆ ಪಟ್ಟ ಕಟ್ಟುವಾಗ ಇದನ್ನು ಹಾಡಿದ್ದಿರಬಹುದು ಎಂದು ಅನೇಕ ವಿದ್ವಾಂಸರು ಹೇಳುತ್ತಾರೆ. ಯೆಹೂದಿ ವ್ಯಾಖ್ಯಾನಕಾರರಲ್ಲಿ ಇದನ್ನು ಅಬ್ರಹಾಮನಿಗೆ ಅನ್ವಯಿಸಿದವರೂ ದಾವೀದನಿಗೇ ಅನ್ವಯಿಸಿದವರೂ ಇದ್ದಾರೆ. ಕ್ರೈಸ್ತ ಓದು ಒಂದೇ ಓದಲ್ಲ ಎಂಬ ಅರಿವಿದ್ದರೆ ನಮ್ಮ ಓದಿಗೆ ಕಾರಣ ಕೊಡುವಾಗ ಮಾತು ಹದವಾಗಿರುತ್ತದೆ.

ಹಂತ 4: ದೇವಾಲಯದಲ್ಲಿ ಯೇಸು ಕೇಳಿದ ಪ್ರಶ್ನೆ

ಈಗ ಮಾರ್ಕ 12:35-37 ತೆರೆಯಿರಿ. ಕ್ರಿಸ್ತನು ದಾವೀದನ ಮಗನೆಂದು ಶಾಸ್ತ್ರಿಗಳು ಹೇಳುತ್ತಾರಲ್ಲ, ದಾವೀದನೇ ಅವನನ್ನು ಒಡೆಯ ಎನ್ನುವಾಗ ಅವನು ದಾವೀದನಿಗೆ ಮಗನಾಗುವುದು ಹೇಗೆ? ಯೇಸು ಪ್ರಶ್ನೆ ಕೇಳಿ ಉತ್ತರ ಕೊಡದೆ ನಿಲ್ಲಿಸುತ್ತಾನೆ.

ತಂದೆ ಮಗನನ್ನು ‘ಒಡೆಯ’ ಎನ್ನುವ ವಾಡಿಕೆ ಇಲ್ಲ. ಅದರಲ್ಲೂ ದೇಶದ ಅರಸನಿಗೆ ದೇವರೊಬ್ಬನನ್ನು ಬಿಟ್ಟರೆ ಮೇಲಿನವರು ಯಾರೂ ಇಲ್ಲ. ಯೇಸು ತಾನು ದಾವೀದನ ಮಗನಲ್ಲ ಎಂದು ಇಲ್ಲಿ ಹೇಳುತ್ತಿಲ್ಲ. ‘ದಾವೀದನ ಮಗ’ ಎಂಬ ಬಿರುದು ನಿಜವಾದರೂ ಸಾಲದು ಎನ್ನುತ್ತಿದ್ದಾನೆ. ರೋಮಾಪುರದವರಿಗೆ 1:3-4ರಲ್ಲಿ ಪೌಲನು ದಾವೀದನ ಸಂತಾನ, ದೇವರ ಮಗ ಎಂಬ ಎರಡನ್ನೂ ಒಟ್ಟಿಗೆ ಹೇಳುವುದನ್ನು ಇದರ ಪಕ್ಕದಲ್ಲಿ ಬರೆದುಕೊಳ್ಳಿ.

ಇಲ್ಲಿ ಆಗುವ ಒಂದು ತಪ್ಪನ್ನು ಹೇಳಲೇಬೇಕು. ‘ಒಡೆಯ’ ಎಂಬ ಪದವೊಂದರಿಂದಲೇ ಯೇಸುವಿನ ದೈವತ್ವವನ್ನು ಸಾಧಿಸಲು ಕೆಲವರು ಹೊರಡುತ್ತಾರೆ. ಹೀಬ್ರೂವಿನಲ್ಲಿ ಇಲ್ಲಿರುವುದು ‘ಅದೋನಿ’. ಮನುಷ್ಯ ಯಜಮಾನನಿಗೂ ಅರಸನಿಗೂ ಬಳಸುವ ಪದ ಅದು. ದೇವರಿಗೆ ಮೀಸಲಾದ ‘ಅದೋನಾಯ್’ ಅಲ್ಲ. ಎರಡಕ್ಕೂ ವ್ಯಂಜನಗಳು ಒಂದೇ, ಭೇದ ಮಾಡುವ ಸ್ವರಚಿಹ್ನೆಗಳು ಹಸ್ತಪ್ರತಿಗಳಿಗೆ ಸೇರಿದ್ದು ಎಷ್ಟೋ ಶತಮಾನಗಳ ಮೇಲೆ. ಆದರೂ ವಾದವನ್ನು ಒಂದು ಪದದ ಮೇಲೆ ನಿಲ್ಲಿಸಿದರೆ ಅದು ಒಂದೇ ಪ್ರಶ್ನೆಗೆ ಉರುಳುತ್ತದೆ. ಭಾರ ಹೊರುವುದು ಪದವಲ್ಲ, ಜಾಗ: ದೇವರ ಬಲಗಡೆಯಲ್ಲಿ ಕುಳಿತು ದೇವರ ಆಳ್ವಿಕೆಯಲ್ಲಿ ಪಾಲುಳ್ಳವನು ಯಾರು? ಆ ಪ್ರಶ್ನೆಯ ಮೇಲೆ ನಿಲ್ಲಿ.

ಹಂತ 5: ಅರಸ, ಈಗಲೇ ಕುಳಿತಿರುವವನು

ಅಪೊಸ್ತಲರ ಕೃತ್ಯಗಳು 2:29-36 ಓದಿ. ಪಂಚಾಶತ್ತಮ ದಿನದಂದು (ಪಸ್ಕದ ನಂತರ ಐವತ್ತನೆಯ ದಿನ ಬರುವ ಹಬ್ಬದಂದು) ಪೇತ್ರನ ತರ್ಕ ಸರಳ: ದಾವೀದನು ಸತ್ತ, ಅವನ ಸಮಾಧಿ ಇಲ್ಲೇ ಇದೆ, ಅವನು ಪರಲೋಕಕ್ಕೆ ಏರಿಹೋಗಲಿಲ್ಲ. ಹಾಗಾದರೆ ‘ನನ್ನ ಬಲಗಡೆ ಕುಳಿತಿರು’ ಎಂಬ ಮಾತು ದಾವೀದನಿಗೆ ಹೇಳಿದ್ದಲ್ಲ. ದೇವರು ಎಬ್ಬಿಸಿದ ಯೇಸುವಿಗೆ ಹೇಳಿದ್ದು.

ಯೇಸುವಿನ ಅರಸುತನ ಮುಂದೆಂದೋ ಶುರುವಾಗುತ್ತದೆ ಎಂದು ಭಾವಿಸುವವರು ಈ ಹಂತದಲ್ಲಿ ನಿಧಾನಿಸಬೇಕು. ಪುನರುತ್ಥಾನ, ಆರೋಹಣಗಳ ಮೂಲಕ ಅದು ಆಗಲೇ ಆರಂಭವಾಗಿದೆ ಎಂದು ಪೇತ್ರನು ಹೇಳುತ್ತಾನೆ. 2ನೇ ವಚನವೂ ಇದಕ್ಕೆ ಒಪ್ಪುತ್ತದೆ: ‘ನಿನ್ನ ವಿರೋಧಿಗಳ ನಡುವೆ ಆಳು’ ಎಂದಿದೆ, ಅವರು ಇಲ್ಲವಾದ ಮೇಲೆ ಆಳು ಎಂದಿಲ್ಲ. ನಂಬುವವರ ದಿನನಿತ್ಯದ ಅನುಭವಕ್ಕೆ ಇದಕ್ಕಿಂತ ಹತ್ತಿರದ ಮಾತು ಇನ್ನೊಂದಿರಲಾರದು. ಅರಸನು ಕುಳಿತಿದ್ದಾನೆ, ಶತ್ರುಗಳೂ ಇನ್ನೂ ಇದ್ದಾರೆ.

‘ತನಕ’ ಎಂಬ ಪದ ಇನ್ನೊಂದು ಗಂಟು. ಶತ್ರುಗಳು ಸೋತ ಮೇಲೆ ಆಳ್ವಿಕೆ ಮುಗಿಯುತ್ತದೆಯೇ? 1 ಕೊರಿಂಥದವರಿಗೆ 15:24-28ರಲ್ಲಿ ಪೌಲನು ಇದೇ ವಚನವನ್ನು ಮನಸ್ಸಿನಲ್ಲಿಟ್ಟುಕೊಂಡು, ಕ್ರಿಸ್ತನು ರಾಜ್ಯವನ್ನು ತಂದೆಗೆ ಒಪ್ಪಿಸುವನು ಎನ್ನುತ್ತಾನೆ. ಲೂಕ 1:33 ಅವನ ರಾಜ್ಯಕ್ಕೆ ಅಂತ್ಯವಿಲ್ಲ ಎನ್ನುತ್ತದೆ. ಸಭೆ ಈ ಎರಡನ್ನೂ ಕೈಬಿಡಲಿಲ್ಲ. 381ರ ಕಾನ್‌ಸ್ಟಾಂಟಿನೋಪಲ್ ಮಹಾಸಭೆಯ ಹೆಸರಿನಲ್ಲಿರುವ ವಿಶ್ವಾಸ ಪ್ರಮಾಣದಲ್ಲಿ ‘ಅವನ ರಾಜ್ಯಕ್ಕೆ ಅಂತ್ಯವಿಲ್ಲ’ ಎಂಬ ಸಾಲಿದೆ. ತಂದೆಗೆ ಒಪ್ಪಿಸುವುದೆಂದರೆ ಪದಚ್ಯುತಿಯಲ್ಲ, ವಹಿಸಿಕೊಂಡ ಕೆಲಸ ಪೂರ್ಣಗೊಂಡು ತಂದೆಯ ಮುಂದೆ ನಿಲ್ಲುವುದು.

ಹಂತ 6: ಯಾಜಕ (ಇಲ್ಲಿ ಹೆಚ್ಚು ಸಮಯ ಕೊಡಿ)

ನಾಲ್ಕು ಸಲದಲ್ಲಿ ಒಂದನ್ನು ಇಡಿಯಾಗಿ 4ನೇ ವಚನಕ್ಕೇ ಮೀಸಲಿಡಿ.

ಮೊದಲು ಸಮಸ್ಯೆ ಮನಸ್ಸಿಗೆ ನಾಟಬೇಕು. ಅರಸುತನ ಯೂದ ಕುಲದ ದಾವೀದನ ಮನೆತನಕ್ಕೆ ಸೇರಿದ್ದು, ಯಾಜಕತ್ವ ಲೇವಿ ಕುಲದ ಆರೋನನ ಮನೆತನಕ್ಕೆ. ಗೆರೆ ದಾಟಿದರೆ ಏನಾಗುತ್ತಿತ್ತು ಎಂಬುದಕ್ಕೆ 2 ಪೂರ್ವಕಾಲವೃತ್ತಾಂತ 26:16-21 ಓದಿ. ಅರಸನಾದ ಉಜ್ಜೀಯನು ಧೂಪ ಹಾಕಲು ದೇವಾಲಯದೊಳಗೆ ನುಗ್ಗಿದಾಗ ಅಜರ್ಯನೂ 80 ಮಂದಿ ಯಾಜಕರೂ ಅವನನ್ನು ತಡೆದರು. ಅವನ ಹಣೆಯಲ್ಲಿ ಕುಷ್ಠ ಕಾಣಿಸಿಕೊಂಡಿತು, ಸಾಯುವ ದಿನದವರೆಗೂ ಅವನು ಬೇರೆ ಮನೆಯಲ್ಲಿ ಇರಬೇಕಾಯಿತು. ದಾವೀದನು ನಾರಿನ ಏಫೋದು (ಯಾಜಕರು ತೊಡುವ ಉಡುಪು) ತೊಟ್ಟು ಯಜ್ಞ ಅರ್ಪಿಸಿದನಲ್ಲ ಎಂದು ಯಾರಾದರೂ ಕೇಳಬಹುದು (2 ಸಮುವೇಲ 6). ಪ್ರಶ್ನೆ ನ್ಯಾಯವಾದದ್ದೇ. ಆದರೆ ಆ ಒಂದು ಸಂದರ್ಭ ಅವನನ್ನು ಆರೋನನ ಸಾಲಿಗೆ ಸೇರಿಸಲಿಲ್ಲ, ‘ಸದಾಕಾಲವೂ ಯಾಜಕನು’ ಎಂಬ ಆಣೆಯನ್ನೂ ಅವನಿಗೆ ತರಲಿಲ್ಲ.

ಹಾಗಿದ್ದ ಮೇಲೆ ಅರಸನಿಗೆ ಯಾಜಕತ್ವ ಎಲ್ಲಿಂದ? ಕೀರ್ತನೆ ಲೇವಿಗಿಂತ ಹಿಂದಕ್ಕೆ, ಆದಿಕಾಂಡ 14:18-20ಕ್ಕೆ ಹೋಗುತ್ತದೆ. ಲೋಟನನ್ನು ಬಿಡಿಸಿಕೊಂಡು ಬರುತ್ತಿದ್ದ ಅಬ್ರಾಮನಿಗೆ (ಮುಂದೆ ಅಬ್ರಹಾಮನಾದವನು) ಸಾಲೇಮಿನ ಅರಸನೂ ಪರಾತ್ಪರ ದೇವರ ಯಾಜಕನೂ ಆದ ಮೆಲ್ಕೀಚೆದೆಕನು ರೊಟ್ಟಿಯನ್ನೂ ದ್ರಾಕ್ಷಾರಸವನ್ನೂ ತಂದು ಆಶೀರ್ವದಿಸುತ್ತಾನೆ. ಅಬ್ರಾಮನು ಅವನಿಗೆ ಹತ್ತರಲ್ಲೊಂದು ಪಾಲು ಕೊಡುತ್ತಾನೆ. ಮೂರೇ ವಚನಗಳು. ಹಳೆಯ ಒಡಂಬಡಿಕೆಯಲ್ಲಿ ಅವನ ಹೆಸರು ಮತ್ತೆ ಬರುವುದು ನಮ್ಮ ಕೀರ್ತನೆಯಲ್ಲಿ ಮಾತ್ರ. ಸಾಲೇಮ್ ಮತ್ತು ಚೀಯೋನ್ ಒಂದೇ ಊರಿನ ಹೆಸರುಗಳಾಗಿ 76ನೇ ಕೀರ್ತನೆಯಲ್ಲಿ ಜೋಡಿಯಾಗಿ ಬರುತ್ತವೆ. ಚೀಯೋನಿನ ಅರಸನಿಗೆ ಮೆಲ್ಕೀಚೆದೆಕನನ್ನು ಮಾದರಿಯಾಗಿ ಹೇಳಿದ್ದರ ಔಚಿತ್ಯ ಅಲ್ಲಿ ಹೊಳೆಯುತ್ತದೆ.

ಈಗ ಇಬ್ರಿಯರಿಗೆ 7ನೇ ಅಧ್ಯಾಯವನ್ನು ಪೂರ್ತಿ ಓದಿ. ಇದನ್ನು 4ನೇ ವಚನದ ಪದ ಪದದ ವ್ಯಾಖ್ಯಾನ ಎನ್ನಬಹುದು. ಒಂದೊಂದು ಪದಕ್ಕೂ ಲೇಖಕ ಎಲ್ಲಿ ಉತ್ತರ ಕೊಡುತ್ತಾನೆ ಎಂದು ಗುರುತು ಹಾಕುತ್ತಾ ಹೋಗಿ.

‘ಆಣೆಯಿಟ್ಟಿದ್ದಾನೆ’ ಎಂಬುದಕ್ಕೆ 7:20-22: ಲೇವಿಯ ಯಾಜಕರು ಆಣೆಯಿಲ್ಲದೆ ಯಾಜಕರಾದರು, ಈತನಾದರೋ ಆಣೆಯಿಂದ. ‘ಸದಾಕಾಲವೂ’ ಎಂಬುದಕ್ಕೆ 7:23-25: ಅವರಿಗೆ ಸಾವು ಅಡ್ಡಬರುತ್ತಿತ್ತು, ಆದ್ದರಿಂದ ಅನೇಕರು ಬೇಕಾದರು. ಈತನು ಸದಾ ಬದುಕಿದ್ದು ತನ್ನ ಮೂಲಕ ದೇವರ ಬಳಿಗೆ ಬರುವವರಿಗಾಗಿ ವಿಜ್ಞಾಪಿಸುತ್ತಾನೆ. ‘ಮೆಲ್ಕೀಚೆದೆಕನ ತರಹ’ ಎಂಬುದಕ್ಕೆ 7:1-17: ಕುಲದ ನಿಯಮದಿಂದಲ್ಲ, ನಾಶವಾಗದ ಜೀವದ ಬಲದಿಂದ. ಯೇಸು ಯೂದ ಕುಲದವನು ಎಂಬ ಆಕ್ಷೇಪಣೆಯನ್ನು ಲೇಖಕ ಮುಚ್ಚಿಡುವುದಿಲ್ಲ. 7:14ರಲ್ಲಿ ತಾನೇ ಎತ್ತಿ, ಅದಕ್ಕೇ ಬೇರೆ ತರಹದ ಯಾಜಕ ಬೇಕಾಯಿತು ಎಂದು ವಾದದ ಕಂಬವನ್ನಾಗಿ ಮಾಡಿಕೊಳ್ಳುತ್ತಾನೆ.

7:3ರಲ್ಲಿ ಮೆಲ್ಕೀಚೆದೆಕನಿಗೆ ತಂದೆಯಿಲ್ಲ, ತಾಯಿಯಿಲ್ಲ, ವಂಶಾವಳಿಯಿಲ್ಲ ಎಂದಿರುವುದನ್ನು ಓದಿ ಅವನು ಮಾನವನೇ ಅಲ್ಲ ಎಂದು ಕೆಲವರು ಹೇಳುತ್ತಾರೆ. ನಮ್ಮ ತೀರ್ಮಾನದಲ್ಲಿ ಲೇಖಕ ಗಮನಿಸುತ್ತಿರುವುದು ಆದಿಕಾಂಡದ ಮೌನವನ್ನು. ವಂಶಾವಳಿಗಳಿಂದ ತುಂಬಿದ ಆ ಗ್ರಂಥದಲ್ಲಿ ಇವನಿಗೆ ಹುಟ್ಟೂ ಸಾವೂ ಬರೆದಿಲ್ಲ. ವಂಶಾವಳಿ ತೋರಿಸದೆ ಯಾಜಕನಾಗಲು ಆಗದ ಜನಕ್ಕೆ ಆ ಮೌನವೇ ದೊಡ್ಡ ಮಾತು.

ಈಗ ಬೆಸುಗೆಯ ಜಾಗ. ಇಬ್ರಿಯರಿಗೆ 10:11-13 ಓದಿ. ಯಾಜಕರು ದಿನಾಲೂ ನಿಂತುಕೊಂಡು ಅದೇ ಯಜ್ಞಗಳನ್ನು ಅರ್ಪಿಸುತ್ತಿದ್ದರು. ಈತನು ಪಾಪಗಳಿಗಾಗಿ ಒಂದೇ ಯಜ್ಞವನ್ನು ಅರ್ಪಿಸಿ ದೇವರ ಬಲಗಡೆ ಕುಳಿತುಕೊಂಡನು, ವಿರೋಧಿಗಳು ಪಾದಪೀಠವಾಗುವುದನ್ನು ಎದುರುನೋಡುತ್ತಿದ್ದಾನೆ. ವಿಮೋಚನಕಾಂಡ 25ರಿಂದ 30ರವರೆಗೆ ದೇವದರ್ಶನದ ಗುಡಾರದ ಸಾಮಾನುಗಳ ವಿವರ ನೋಡಿ: ಮಂಜೂಷ (ಒಡಂಬಡಿಕೆಯ ಪೆಟ್ಟಿಗೆ), ಮೇಜು, ದೀಪಸ್ತಂಭ, ಯಜ್ಞವೇದಿ, ಧೂಪವೇದಿ, ನೀರಿನ ಗಂಗಾಳ. ಯಾಜಕನು ಕೂರಲು ಒಂದು ಪೀಠವೂ ಇಲ್ಲ. ಕನ್ನಡ ಬೈಬಲಿನ ‘ಕೃಪಾಸನ’ ಎಂಬ ಪದದಲ್ಲಿ ಆಸನ ಇದೆಯಲ್ಲ ಎಂದು ಗೊಂದಲಪಡಬೇಡಿ. ಅದು ಮಂಜೂಷದ ಮುಚ್ಚಳ, ಯಾರೂ ಅದರ ಮೇಲೆ ಕೂರುತ್ತಿರಲಿಲ್ಲ. ಯಾಜಕನಿಗೆ ಆಸನವಿಲ್ಲ ಏಕೆಂದರೆ ಅವನ ಕೆಲಸ ಮುಗಿಯುತ್ತಿರಲಿಲ್ಲ.

ಅರಸನಿಗೆ ಹೇಳಿದ ‘ಕುಳಿತಿರು’ ಯಾಜಕನಿಗೂ ಅನ್ವಯಿಸುವುದು ಹೀಗೆ. 1ನೇ ಮತ್ತು 4ನೇ ವಚನಗಳು ಒಂದೇ ಕುರ್ಚಿಯಲ್ಲಿ ಸೇರುತ್ತವೆ. ಆಳುವವನೇ ನಮಗಾಗಿ ಬೇಡುವವನು. ನೀವು ಪ್ರಾರ್ಥಿಸುವಾಗ ಸಿಂಹಾಸನದಲ್ಲಿರುವವನ ಮನಸ್ಸು ಒಲಿಸಲು ಬೇರೊಬ್ಬನನ್ನು ಹುಡುಕಬೇಕಾಗಿಲ್ಲ (ಇಬ್ರಿಯರಿಗೆ 4:14-16). ಯಾಜಕನೊಬ್ಬ ಸಿಂಹಾಸನದಲ್ಲಿ ಕೂರುವ ಇದೇ ನಿರೀಕ್ಷೆ ಜೆಕರ್ಯ 6:12-13ರಲ್ಲೂ ಇಣುಕುತ್ತದೆ.

ಹಂತ 7: 5 ಮತ್ತು 6ನೇ ವಚನಗಳನ್ನು ಹಾರಿಸಬೇಡಿ

ಅರಸರನ್ನು ಜಜ್ಜುವುದು, ಹೆಣಗಳು ತುಂಬುವುದು ಓದಲು ಕಷ್ಟ. ಇಲ್ಲಿ ಎರಡು ಬಗೆಯಲ್ಲಿ ದಾರಿ ತಪ್ಪುತ್ತದೆ. ಒಂದು, ವಚನಗಳನ್ನು ಮುಟ್ಟದೆ ಬಿಡುವುದು. ಆಗ ಅನ್ಯಾಯಕ್ಕೆ ಲೆಕ್ಕ ಕೇಳುವವನು ಯಾರೂ ಉಳಿಯುವುದಿಲ್ಲ. ಇನ್ನೊಂದು ಇದಕ್ಕಿಂತ ಅಪಾಯಕರ: ತಮಗೆ ಆಗದವರನ್ನು ಈ ಶತ್ರುಗಳ ಜಾಗದಲ್ಲಿ ಇಟ್ಟು, ಕತ್ತಿ ತಮ್ಮ ಕೈಗೆ ಬಂದಿದೆ ಎಂದುಕೊಳ್ಳುವುದು.

ಮತ್ತಾಯ 26ನ್ನು ಒಟ್ಟಾಗಿ ಓದಿದರೆ ಎರಡೂ ತಪ್ಪುಗಳಿಗೆ ಉತ್ತರವಿದೆ. 52ನೇ ವಚನದಲ್ಲಿ ಯೇಸು ತನ್ನ ಕಡೆಯವನಿಗೆ ಕತ್ತಿಯನ್ನು ಒರೆಗೆ ಸೇರಿಸೆನ್ನುತ್ತಾನೆ. ಅದೇ ರಾತ್ರಿ, 64ನೇ ವಚನದಲ್ಲಿ, ಮಹಾಯಾಜಕನ ಮುಂದೆ ನಿಂತು ದಾನಿಯೇಲ 7:13ನ್ನೂ ಈ ಕೀರ್ತನೆಯ 1ನೇ ವಚನವನ್ನೂ ಸೇರಿಸಿ, ಮನುಷ್ಯಕುಮಾರನು ಸರ್ವಶಕ್ತನ ಬಲಗಡೆಯಲ್ಲಿ ಕೂತಿರುವುದನ್ನು ಕಾಣುವಿರಿ ಎನ್ನುತ್ತಾನೆ. ನ್ಯಾಯತೀರ್ಪಿನ ಹಕ್ಕು ತನ್ನದೆಂದು ಹೇಳಿದವನೇ ಕತ್ತಿ ಬೇಡವೆಂದವನು. ತೀರ್ಪು ಅವನಿಗೆ ಸೇರಿದ್ದು (ಯೋಹಾನ 5:22, ಅಪೊಸ್ತಲರ ಕೃತ್ಯಗಳು 17:31), ಹಿಂಬಾಲಿಸುವವರಿಗೆ ಅಲ್ಲ. ಪಾದಪೀಠವಾಗಬೇಕಾದ ಕಡೇ ಶತ್ರು ಮರಣ ಎಂದು 1 ಕೊರಿಂಥದವರಿಗೆ 15:26 ಹೆಸರಿಟ್ಟು ಹೇಳುತ್ತದೆ.

ಹಂತ 8: ಉಳಿದ ಎರಡು ವಚನಗಳು

3ನೇ ವಚನದ ಹೀಬ್ರೂ ತುಂಬ ಕಠಿಣ, ಅದಕ್ಕೇ ಭಾಷಾಂತರಗಳು ಬೇರೆ ಬೇರೆ ದಾರಿ ಹಿಡಿಯುತ್ತವೆ. ಒಂದರಲ್ಲಿ ‘ಪರಿಶುದ್ಧ ಭೂಷಣ’, ಇನ್ನೊಂದರಲ್ಲಿ ‘ಪರಿಶುದ್ಧ ಪರ್ವತ’ ಕಂಡರೆ ಕಾರಣ ಸಣ್ಣದು: ಹೀಬ್ರೂ ಲಿಪಿಯಲ್ಲಿ ದ ಮತ್ತು ರ ಅಕ್ಷರಗಳು ನೋಡಲು ಬಹುತೇಕ ಒಂದೇ. ಸಂದೇಹವಿಲ್ಲದ ಭಾಗವನ್ನು ಹಿಡಿದುಕೊಳ್ಳಿ. ಪ್ರಜೆ ತಾವಾಗಿಯೇ ಮುಂದೆ ಬರುತ್ತಾರೆ, ಅಲ್ಲಿರುವ ಹೀಬ್ರೂ ಪದ ಸ್ವೇಚ್ಛೆಯಿಂದ ಕೊಡುವ ಕಾಣಿಕೆಗೂ ಬಳಕೆಯಾಗುತ್ತದೆ. ಈ ಅರಸನ ಸೇನೆ ಬಲವಂತದ್ದಲ್ಲ.

7ನೇ ವಚನದಲ್ಲಿ ದಾರಿಯ ಹಳ್ಳದ ನೀರು ಕುಡಿದು ತಲೆಯೆತ್ತುವವನು ಅರಸನೆಂದೇ ಹೆಚ್ಚಿನವರು ಓದುತ್ತಾರೆ. ದಣಿದು ಬಾಯಾರಿದ, ನಿಜವಾದ ಮನುಷ್ಯ. ಇದನ್ನು ಯೇಸು ದಾಟಿದ ಕಿದ್ರೋನ್ ಹಳ್ಳಕ್ಕೆ (ಯೋಹಾನ 18:1) ಜೋಡಿಸಿ ಧ್ಯಾನಿಸಬಹುದು, ಆದರೆ ಅದನ್ನು ಪ್ರಮಾಣವೆಂದು ಮುಂದಿಡಬೇಡಿ. ಈ ವಚನವನ್ನು ಹೊಸ ಒಡಂಬಡಿಕೆಯ ಯಾರೂ ನೇರವಾಗಿ ಉದ್ಧರಿಸಿಲ್ಲ.

ಹಂತ 9: ಇಲ್ಲಿ ಇಲ್ಲದ್ದನ್ನು ತುರುಕಬೇಡಿ

ಪ್ರವಾದಿ, ಯಾಜಕ, ಅರಸ ಎಂಬ ಮೂರು ಪದವಿಗಳನ್ನು ಒಟ್ಟಿಗೆ ಹೇಳುವ ಪದ್ಧತಿ ಹಳೆಯದು. ಸಭೆಯ ಚರಿತ್ರೆ ಬರೆದ ನಾಲ್ಕನೇ ಶತಮಾನದ ಯುಸೇಬಿಯಸನಲ್ಲಿ ಅದು ಇದೆ, ಪ್ರಾಟೆಸ್ಟಂಟ್ ಬೋಧನೆಯ 1563ರ ಹೈಡಲ್‌ಬರ್ಗ್ ಪ್ರಶ್ನೋತ್ತರಿಯ 31ನೇ ಪ್ರಶ್ನೆಯೂ ಅದೇ. ಹಾಗೆಂದು ಈ ಕೀರ್ತನೆಯಲ್ಲಿ ‘ಯೇಸು ಪ್ರವಾದಿ’ ಎಂಬ ವಚನವನ್ನು ಹುಡುಕಿದರೆ ಸಿಗದು. ಇಲ್ಲಿ ಪ್ರವಾದಿಯಾಗಿ ನುಡಿಯುವವನು ದಾವೀದ. ಯೇಸುವಿನ ಪ್ರವಾದಿ ಪದವಿಗೆ ಧರ್ಮೋಪದೇಶಕಾಂಡ 18:15ನ್ನು ಅಪೊಸ್ತಲರ ಕೃತ್ಯಗಳು 3:22ರ ಜೊತೆ ಓದಿ. ಕೀರ್ತನೆಯಿಂದಲೇ ಬೇಕೆಂದರೆ 22:22ನ್ನು ಇಬ್ರಿಯರಿಗೆ 2:12ರ ಜೊತೆ ಓದಿ. ಸಹೋದರರಿಗೆ ದೇವರ ನಾಮವನ್ನು ತಿಳಿಸುವವನು ಅಲ್ಲಿದ್ದಾನೆ.

ಗುಂಪಿಗೆ ಕಲಿಸುವುದಾದರೆ

ಮೊದಲ ಸಲ ಹಂತ 1ರಿಂದ 4, ಎರಡನೆಯ ಸಲ ಹಂತ 5, ಮೂರನೆಯ ಸಲ ಹಂತ 6 ಮಾತ್ರ, ನಾಲ್ಕನೆಯ ಸಲ ಉಳಿದದ್ದು. ಮೂರು ಅಂಕಣದ ಪಟ್ಟಿಯನ್ನು ನೀವೇ ಬರೆದು ಹಂಚಬೇಡಿ, ಅವರೇ ಭರ್ತಿ ಮಾಡಲಿ. ಯಾರು ಯಾರಿಗೆ ಹೇಳಿದರು ಎಂದು ಅವರು ವಾದಿಸಿಕೊಳ್ಳುವ ಹತ್ತು ನಿಮಿಷ ವ್ಯರ್ಥವಲ್ಲ. ಇಬ್ರಿಯರಿಗೆ 7ನ್ನು ವಿವರಿಸುವ ಮೊದಲು ಉಜ್ಜೀಯನ ಭಾಗವನ್ನು ಓದಿಸಲೇಬೇಕು. ಅದಿಲ್ಲದೆ ‘ಅರಸನೇ ಯಾಜಕ’ ಎಂಬ ಮಾತು ಯಾರಿಗೂ ಬೆರಗು ತರುವುದಿಲ್ಲ.

ಕಥೋಲಿಕ ಸಭೆಯ ಇಂದಿನ ಕಾಲಿಕ ಪ್ರಾರ್ಥನೆಯಲ್ಲಿ (ದಿನದ ನಿಗದಿತ ಹೊತ್ತುಗಳ ಪ್ರಾರ್ಥನೆಯಲ್ಲಿ) ಈ ಕೀರ್ತನೆ ಭಾನುವಾರದ ಸಂಜೆಯ ಭಾಗ, ಆದರೆ 6ನೇ ವಚನವನ್ನು ಅಲ್ಲಿ ಬಿಟ್ಟಿದ್ದಾರೆ. ಹಾಗೆ ಪ್ರಾರ್ಥಿಸುವವರು ಅಧ್ಯಯನದ ದಿನವಾದರೂ ಬೈಬಲಿನಿಂದಲೇ ಏಳೂ ವಚನಗಳನ್ನು ಓದಿ. ಕೊನೆಗೆ ಅಪೊಸ್ತಲರ ವಿಶ್ವಾಸ ಪ್ರಮಾಣವನ್ನು ಎಲ್ಲರೂ ಸೇರಿ ಹೇಳಿ, ‘ತಂದೆಯ ಬಲಗಡೆಯಲ್ಲಿ ಕುಳಿತಿದ್ದಾನೆ’ ಎಂಬ ಸಾಲಿನಲ್ಲಿ ಒಂದು ನಿಮಿಷ ನಿಲ್ಲಿಸಿ. ಅಲ್ಲಿ ಕುಳಿತಿರುವ ಅರಸನು ಏನು ಮಾಡುತ್ತಿದ್ದಾನೆ ಎಂದು ಕೇಳಿ. ‘ನಮಗಾಗಿ ವಿಜ್ಞಾಪಿಸುತ್ತಿದ್ದಾನೆ’ ಎಂಬ ಉತ್ತರ ಬಂದರೆ ಮೂರನೆಯ ಸಲದ ಪಾಠ ಅವರಿಗೆ ತಲುಪಿದೆ. ಬರದಿದ್ದರೆ ಇಬ್ರಿಯರಿಗೆ 7:25ನ್ನು ಇನ್ನೊಮ್ಮೆ ಓದಿಸಿ.